ಒಬ್ಬೊಬ್ಬರಿಗೂ ಅವರವರದ್ದೇ ಲಾಗಿನ್ ಕೊಡಿ

ಎಷ್ಟೋ ಕಾಲೇಜುಗಳಲ್ಲಿ ಇವತ್ತಿಗೂ ನಡೀತಿರೋದು ಹಿಂಗೆ: ಈ-ಜರ್ನಲ್‌ಗೆ, ಅಂದ್ರೆ ಆನ್‌ಲೈನಲ್ಲಿ ಓದೋ ಸಂಶೋಧನಾ ಪತ್ರಿಕೆಗಳಿಗೆ ಅಂತ ಒಂದೇ ಯೂಸರ್ ಐಡಿ, ಒಂದೇ ಪಾಸ್‌ವರ್ಡ್, ಅದನ್ನ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕ್ಬಿಡೋದು, ಇಲ್ಲಾ ಪ್ರಿಂಟ್ ತೆಗೆದು ಲೈಬ್ರರಿ ಕೌಂಟರ್ ಹತ್ರ ಅಂಟಿಸಿಡೋದು. ಕೆಲಸ ಬೇಗ ಮುಗಿಯತ್ತೆ ನಿಜ, ಆದ್ರೆ ಆ ಪಾಸ್‌ವರ್ಡ್ ಎರಡೇ ವಾರದಲ್ಲಿ ಪಕ್ಕದ ಕಾಲೇಜಿಗೂ ಹೋಗಿರತ್ತೆ, ಪಾಸಾಗಿ ಹೋದವರ ಹತ್ರಾನೂ ಇರತ್ತೆ, ಏನಾದ್ರೂ ಎಡವಟ್ಟಾದ್ರೆ ಯಾರು ಮಾಡಿದ್ದು ಅಂತ ಹುಡುಕೋಕೆ ದಾರೀನೇ ಇರಲ್ಲ.

ಎಡವಟ್ಟು ಆಗೇ ಆಗತ್ತೆ. ಒಂದು ಕ್ಯಾಂಪಸ್ಸಲ್ಲಿ ಯಾರೋ ಡೌನ್‌ಲೋಡ್ ಮ್ಯಾನೇಜರ್ ಹಾಕಿ ಒಂದು ಜರ್ನಲ್ಲಿನ ಹಳೇ ಸಂಚಿಕೆಗಳನ್ನೆಲ್ಲ ರಾತ್ರೋರಾತ್ರಿ ಇಳಿಸೋಕೆ ಶುರು ಮಾಡಿದ್ರು, ಪಬ್ಲಿಷರ್ ಕಡೆ ಇಂಥದ್ದನ್ನ ಸಾಫ್ಟ್‌ವೇರೇ ಗಮನಿಸ್ತಿರತ್ತೆ, ತಕ್ಷಣ ಆ ಐಪಿ ಅಡ್ರೆಸ್ಸನ್ನೇ, ಅಂದ್ರೆ ಇಂಟರ್ನೆಟ್ಟಲ್ಲಿ ಒಂದು ಕನೆಕ್ಷನ್ನನ್ನ ಗುರುತಿಸೋ ನಂಬರನ್ನೇ, ಬ್ಲಾಕ್ ಮಾಡ್ತು. ಇಡೀ ಕ್ಯಾಂಪಸ್ ಹೊರಗಿನ ಇಂಟರ್ನೆಟ್ಟಿಗೆ ಕಾಣೋದು ಒಂದೇ ಐಪಿಯಿಂದ, ಹಂಗಾಗಿ ಎಲ್ರಿಗೂ ಬಾಗಿಲು ಹಾಕಿದಂಗಾಯ್ತು. ಥೀಸಿಸ್ ಸಬ್‌ಮಿಟ್ ಮಾಡೋ ಹೊತ್ತಲ್ಲಿ ರಿಸರ್ಚ್ ವಿದ್ಯಾರ್ಥಿಗಳು ಪರದಾಡಿದ್ರು. ಯಾರು ಮಾಡಿದ್ದು ಅಂತ ಪಬ್ಲಿಷರ್ ಕೇಳಿದ್ರೆ ಹೇಳೋಕೆ ಯಾರ ಹತ್ರಾನೂ ಲೆಕ್ಕ ಇಲ್ಲ.

ಅದಕ್ಕೇ ನಾನು ಹಠ ಹಿಡಿದು ಹೇಳೋದು, ಒಬ್ಬೊಬ್ಬರಿಗೂ ಬೇರೆ ಬೇರೆ ಐಡಿ ಇರ್ಲೇಬೇಕು. ಗುಜರಾತಿನ ಗಾಂಧಿನಗರದಲ್ಲಿರೋ ಯುಜಿಸಿಯ ಲೈಬ್ರರಿ ಜಾಲದ ಕೇಂದ್ರ ಇನ್‌ಫ್ಲಿಬ್‌ನೆಟ್, ಕಾಲೇಜುಗಳಿಗೆ ಆನ್‌ಲೈನ್ ಓದುಸಾಮಗ್ರಿ ಕೊಡೋಕೆ ನಡೆಸೋ ಎನ್-ಲಿಸ್ಟ್‌ನಲ್ಲಿ ಇದಕ್ಕೆ ವ್ಯವಸ್ಥೆ ಇದೆ, ಕಾಲೇಜಿನ ಅಡ್ಮಿನ್ ಲಾಗಿನ್‌ನಿಂದ ಟೀಚರ್‌ಗಳಿಗೂ ವಿದ್ಯಾರ್ಥಿಗಳಿಗೂ ಪ್ರತ್ಯೇಕ ಅಕೌಂಟ್ ಮಾಡಿಕೊಡ್ಬಹುದು. ನಿಜವಾದ ಕಷ್ಟ ಇರೋದು ಅದಕ್ಕೆ ಹೆಸರು, ಈಮೇಲ್ ಸೇರಿಸೋ ಎಕ್ಸೆಲ್ ಶೀಟಲ್ಲಿ! ಅಡ್ಮಿಷನ್ ಫಾರ್ಮಲ್ಲಿ ಹುಡುಗರು ಬರೆದಿರೋ ಈಮೇಲ್ ನೋಡ್ಬೇಕು, ಜಿಮೇಲ್ ಸ್ಪೆಲಿಂಗಲ್ಲಿ ಒಂದಕ್ಷರ ಬಿಟ್ಟಿರ್ತಾರೆ, ಕೆಲವರದ್ದು ಅಣ್ಣನ ಈಮೇಲು, ಇನ್ನು ಕೆಲವರದ್ದು ಫಾರ್ಮ್ ತುಂಬಿಕೊಟ್ಟ ಸೈಬರ್ ಸೆಂಟರಿನವರದ್ದು. ಆಮೇಲೆ ಪಾಸ್‌ವರ್ಡ್ ಮೇಲ್ ಬಂದಿಲ್ಲ ಅಂದ್ರೆ ಹೆಂಗೆ ಬರತ್ತೆ ಹೇಳಿ. ನಾವೀಗ ಲೈಬ್ರರಿ ಕಾರ್ಡ್ ಕೊಡೋವಾಗ್ಲೇ ಕೌಂಟರ್ ಮುಂದೆ ಅವರ ಮೊಬೈಲಲ್ಲೇ ಮೇಲ್ ಓಪನ್ ಮಾಡಿಸಿ, ನಮ್ಮ ಕಡೆಯಿಂದ ಒಂದು ಟೆಸ್ಟ್ ಮೇಲ್ ಕಳಿಸಿ, ಸ್ಪ್ಯಾಮಿಗೆ ಹೋಗಿದೆಯಾ ಅಂತ ಅಲ್ಲೇ ನೋಡಿ, ಆಮೇಲೆ ಲಿಸ್ಟಿಗೆ ಸೇರಿಸ್ತೀವಿ. ಕ್ಯೂ ಉದ್ದ ಆಗತ್ತೆ, ಆಗ್ಲಿ.

ಇನ್ನೊಂದು ಗೊಂದಲ ಮನೆಯಿಂದ ಓದೋರದ್ದು. ಎಂಎಸ್ಸಿ ಹುಡುಗಿಯೊಬ್ಬಳು ಬಂದು ಮೊಬೈಲ್ ತೋರಿಸಿದ್ಲು, "ಮೇಡಂ, ಕಾಲೇಜಲ್ಲಿ ಓಪನ್ ಆಗೋ ಆರ್ಟಿಕಲ್ಲು ಊರಿಗೆ ಹೋದ್ರೆ ದುಡ್ಡು ಕೇಳ್ತಿದೆ." ಪಿಡಿಎಫ್ ಬಟನ್ ಇರ್ಬೇಕಾದ ಜಾಗದಲ್ಲಿ ಡಾಲರ್ ಲೆಕ್ಕದಲ್ಲಿ ರೇಟ್ ಬಂದಿತ್ತು. ಕ್ಯಾಂಪಸ್ಸಲ್ಲಿ ಐಪಿ ನೋಡಿ ಒಳಗೆ ಬಿಡ್ತಾರೆ, ಊರಲ್ಲಿ ಅವಳ ಮೊಬೈಲ್ ಡೇಟಾದ ಐಪಿ ಬೇರೆ, ಅಷ್ಟೇ ಕಾರಣ. ಅದೇ ಪೇಜಲ್ಲಿ ನಿಮ್ಮ ಸಂಸ್ಥೆ ಮೂಲಕ ಲಾಗಿನ್ ಆಗಿ ಅನ್ನೋ ಚಿಕ್ಕ ಲಿಂಕ್ ಇರತ್ತೆ, ಯಾರ ಕಣ್ಣಿಗೂ ಬೀಳಲ್ಲ, ಅದನ್ನ ಒತ್ತಿ ಕಾಲೇಜಿನ ಹೆಸರು ಹುಡುಕಿದ್ರೆ ನಮ್ಮದೇ ಲಾಗಿನ್ ಪೇಜಿಗೆ ಬರತ್ತೆ. ಇದು ಶಿಬೊಲೆತ್ ಅನ್ನೋ ವ್ಯವಸ್ಥೆ, ಇನ್‌ಫ್ಲಿಬ್‌ನೆಟ್‌ನವರ ಇನ್‌ಫೆಡ್, ಅಂದ್ರೆ ಸಂಸ್ಥೆಗಳ ಲಾಗಿನ್ ಒಕ್ಕೂಟ, ನಡೆಯೋದು ಇದರ ಮೇಲೆ. ನನಗೆ ಇದು ಇಷ್ಟ ಆಗೋಕೆ ಕಾರಣ ಇದೆ: ಪಾಸ್‌ವರ್ಡ್ ಪಬ್ಲಿಷರ್ ಕೈಗೆ ಹೋಗೋದೇ ಇಲ್ಲ, ಇವರು ನಮ್ಮವರು ಅಂತ ಸಂಸ್ಥೆ ಕಡೆಯಿಂದ ಒಂದು ಒಪ್ಪಿಗೆ ಹೋಗತ್ತೆ. ಏನಾದ್ರೂ ತಪ್ಪಾದ್ರೆ ಯಾರು ಅಂತ ನಮ್ಮ ಲಾಗ್‌ನಲ್ಲಿ, ಅಂದ್ರೆ ಯಾರು ಯಾವಾಗ ಲಾಗಿನ್ ಆದ್ರು ಅನ್ನೋ ದಾಖಲೆಯಲ್ಲಿ, ಸಿಗತ್ತೆ, ಆ ಒಬ್ಬರ ಅಕೌಂಟ್ ನಿಲ್ಲಿಸಿದ್ರೆ ಸಾಕು, ಉಳಿದವರ ಓದು ನಿಲ್ಲಲ್ಲ. ದೊಡ್ಡ ಯೂನಿವರ್ಸಿಟಿಗಳಲ್ಲಿ ಹೊರಗಿಂದ ಬರೋರನ್ನ ಕ್ಯಾಂಪಸ್ ಐಪಿ ಮೂಲಕವೇ ಕಳಿಸೋ ಈಝೀಪ್ರಾಕ್ಸಿ ಥರದ ಸಾಫ್ಟ್‌ವೇರೂ ಇರತ್ತೆ, ಅದು ನಮ್ಮಂಥ ಕಾಲೇಜಿನ ಬಜೆಟ್ಟಿಗೆ ಎಟುಕೋದಲ್ಲ.

ಆ ಲಾಗ್ ಬಗ್ಗೆ ಒಂದು ಮಾತು. ಯಾರು ಯಾವಾಗ ಯಾವ ಪಬ್ಲಿಷರ್ ಸೈಟಿಗೆ ಹೋದ್ರು ಅಂತ ವಿಭಾಗದ ಮುಖ್ಯಸ್ಥರೇ (ಎಚ್‌ಒಡಿ) ಕೇಳಿದ್ರೂ ಕೊಡಬಾರದು, ಓದಿದ್ದು ಓದಿದವರ ಸ್ವಂತ ವಿಷಯ. ತೊಂದರೆ ಬಂದಾಗ ನೋಡೋಕಷ್ಟೇ ಅದು ಇರೋದು, ಕೆಲವು ತಿಂಗಳಾದ್ಮೇಲೆ ಅಳಿಸಿಬಿಡಬೇಕು.

2025ರ ಜನವರಿ 1ರಿಂದ ಕೇಂದ್ರ ಸರ್ಕಾರವೇ ದುಡ್ಡು ಕೊಟ್ಟು ಜರ್ನಲ್‌ಗಳನ್ನ ಓದೋಕೆ ಕೊಡಿಸೋ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಶುರುವಾಗಿದೆ, ಮೂರು ವರ್ಷಕ್ಕೆ 6,000 ಕೋಟಿ, 30 ಪಬ್ಲಿಷರ್‌ಗಳ ಸುಮಾರು 13,000 ಜರ್ನಲ್. ಸದ್ಯಕ್ಕೆ ಬಂದಿರೋದು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ, ನಮ್ಮ ಸರ್ಕಾರಿ ಡಿಗ್ರಿ ಕಾಲೇಜುಗಳಿಗೂ ದೊಡ್ಡ ಅವಕಾಶ. ಆದ್ರೆ ಹಳ್ಳಿಯಿಂದ ಬರೋ ಹುಡುಗರು ಕಾಲೇಜು ಬಿಟ್ಟ ತಕ್ಷಣ ಬಸ್ ಹಿಡೀಬೇಕು, ಅವರು ಓದೋದು ಮನೇಲಿ, ರಾತ್ರಿ. ಕ್ಯಾಂಪಸ್ ಐಪಿ ಒಂದನ್ನೇ ರಿಜಿಸ್ಟರ್ ಮಾಡಿ ಸುಮ್ಮನಾದ್ರೆ ಅವರ ಪಾಲಿಗೆ ಇದು ಇದ್ದೂ ಇಲ್ಲದ ಹಾಗೆ. ಮನೆಯಿಂದ ಲಾಗಿನ್ ಆಗೋ ವ್ಯವಸ್ಥೆ ಆಗೋವರೆಗೂ ಪ್ರಿನ್ಸಿಪಾಲರ ಬೆನ್ನು ಬಿಡಬೇಡಿ.

ಕೋರ್ಸ್ ಮುಗಿದವರ ಅಕೌಂಟ್ ಕ್ಲೋಸ್ ಮಾಡೋದನ್ನೂ ಮರೀಬಾರದು, ಲೈಸೆನ್ಸ್ ಇರೋದು ಈಗ ಓದ್ತಿರೋರಿಗೆ, ಪಾಠ ಮಾಡ್ತಿರೋರಿಗೆ. ನಾವು ಅದನ್ನ ನೋ ಡ್ಯೂಸ್ ಸರ್ಟಿಫಿಕೇಟ್ ಜೊತೆ ಸೇರಿಸಿದ್ದೀವಿ, ಪುಸ್ತಕ ವಾಪಸ್ ಬಂದಿದೆಯಾ ಅಂತ ನೋಡೋವಾಗ್ಲೇ ಐಡಿನೂ ನಿಲ್ಲಿಸ್ತೀವಿ. ಹಂಗಂತ ಬರಿಗೈಲಿ ಕಳಿಸಲ್ಲ. ನಮ್ಮ ದೇಶದ ಪಿಎಚ್‌ಡಿ ಥೀಸಿಸ್‌ಗಳ ಸೈಟ್ ಶೋಧಗಂಗಾದಲ್ಲಿರೋ ಥೀಸಿಸ್‌ಗಳಿಗೂ, ಎಲ್ರಿಗೂ ಮುಕ್ತವಾಗಿರೋ ಜರ್ನಲ್‌ಗಳ ಪಟ್ಟಿಯಾದ ಡಿಒಎಜೆಯಲ್ಲಿರೋ ಜರ್ನಲ್‌ಗಳಿಗೂ ಪಾಸ್‌ವರ್ಡೇ ಬೇಡ, ಎರಡರ ವಿಳಾಸವನ್ನೂ ಒಂದು ಚೀಟೀಲಿ ಬರೆದು ಆ ಸರ್ಟಿಫಿಕೇಟ್‌ಗೆ ಪಿನ್ ಮಾಡಿ ಕೊಡ್ತೀವಿ.