ಚೀನಾ ದಿನ ಅಂದ್ರೆ ಬರೀ ಡ್ರ್ಯಾಗನ್ ಕುಣಿತವಾ?

ವಿಶ್ವವಿದ್ಯಾಲಯಗಳಲ್ಲಿ ಚೀನೀ ಸಂಸ್ಕೃತಿ ದಿನ ಅಂತ ಮಾಡ್ತಾರಲ್ಲ, ಬಹಳಷ್ಟು ಕಡೆ ಅದು ಒಂದೇ ಥರ ಇರುತ್ತದೆ. ಕೆಂಪು ಲಾಟೀನು, ಡ್ರ್ಯಾಗನ್ ಕುಣಿತ, ಒಂದು ತಟ್ಟೆ ಡಂಪ್ಲಿಂಗ್, ನಾಲ್ಕು ಸೆಲ್ಫಿ. ಡಂಪ್ಲಿಂಗ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಆ ಸಮಾಜ ಸ್ವಲ್ಪವಾದರೂ ಅರ್ಥ ಆಗಬೇಕು ಅಂದರೆ ಅಲ್ಲಿ ಪರೀಕ್ಷೆಯ ಮಾತು ಬರಲೇಬೇಕು.

ಕುಂಚ ಹಿಡಿದು ಬರೆಸುವ ಮೇಜು ಇದ್ದರೆ ಅಲ್ಲಿಂದಲೇ ಶುರು ಮಾಡಬಹುದು. ಹಳೇ ಪದ್ಧತಿಯ ಶಾಯಿ ಬಾಟಲಿಯಲ್ಲಿ ಬರುವುದಲ್ಲ, ಗಟ್ಟಿ ಕಡ್ಡಿ. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು, ಕಪ್ಪು ದಪ್ಪಗಾಗುವವರೆಗೆ ತೇಯುತ್ತಾ ಕೂರಬೇಕು. ಕುಂಚವನ್ನು ನೆಟ್ಟಗೆ ಹಿಡಿಯಬೇಕು. ಕಾಗದ ಎಷ್ಟು ತೆಳು ಅಂದರೆ ಕೈ ಒಂದು ಗಳಿಗೆ ನಿಂತರೂ ಶಾಯಿ ಹರಡಿಕೊಳ್ಳುತ್ತದೆ, ಅಳಿಸೋ ಮಾತೇ ಇಲ್ಲ. ಈ ಕೈಬರಹಕ್ಕೂ ಪರೀಕ್ಷೆಗೂ ಹಳೇ ನಂಟಿದೆ. ಸೋಂಗ್ ಅರಸರ ಕಾಲದಲ್ಲಿ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯ ಉತ್ತರಗಳನ್ನೆಲ್ಲ ಗುಮಾಸ್ತರು ಮತ್ತೆ ಪ್ರತಿ ಮಾಡಿ ಬರೆಯುತ್ತಿದ್ದರು, ಅಕ್ಷರ ನೋಡಿ ಇದು ಇಂಥವನದ್ದು ಅಂತ ಪರೀಕ್ಷಕರಿಗೆ ಗೊತ್ತಾಗಬಾರದು ಅಂತ. ಹೆಸರನ್ನೂ ಮುಚ್ಚಿಡುತ್ತಿದ್ದರು. ಸುಮಾರು ಸಾವಿರ ವರ್ಷದ ಹಿಂದೆ! ನಾನ್‌ಜಿಂಗ್‌ನ ಪರೀಕ್ಷಾ ಭವನದಲ್ಲಿ ಒಬ್ಬೊಬ್ಬರೇ ಕೂತು ಬರೆಯುವ ಸಾವಿರಾರು ಪುಟ್ಟ ಗೂಡುಗಳಿದ್ದವು. ಹಗಲು ಮೇಜಾಗುವ ಹಲಗೆಯೇ ರಾತ್ರಿ ಹಾಸಿಗೆ.

1905ರಲ್ಲಿ ಆ ಪರೀಕ್ಷೆ ನಿಂತುಹೋಯಿತು, ಅದರ ಮೇಲಿನ ನಂಬಿಕೆ ಮಾತ್ರ ನಿಲ್ಲಲಿಲ್ಲ. ಈಗಿನ ಕಾಲೇಜು ಪ್ರವೇಶ ಪರೀಕ್ಷೆ ಗಾವ್‌ಕಾವ್ ನೋಡಿ. ಪ್ರತಿ ವರ್ಷ ಜೂನ್ 7ಕ್ಕೆ ಶುರು, ಹೆಚ್ಚಿನ ಪ್ರಾಂತ್ಯಗಳಲ್ಲಿ 750 ಅಂಕ. 2024ರಲ್ಲಿ 1.34 ಕೋಟಿ ಜನ ಹೆಸರು ಕೊಟ್ಟಿದ್ದರು. ಪರೀಕ್ಷಾ ಕೇಂದ್ರದ ಅಕ್ಕಪಕ್ಕ ಹಾರ್ನ್ ಹೊಡೆಯುವಂತಿಲ್ಲ, ಕಟ್ಟಡದ ಕೆಲಸ ನಿಲ್ಲಿಸುತ್ತಾರೆ, ಮಕ್ಕಳಿಗೆ ಒಳ್ಳೇದಾಗಲಿ ಅಂತ ಎಷ್ಟೋ ತಾಯಂದಿರು ಚೀಪಾವ್ ಅನ್ನೋ ಸಾಂಪ್ರದಾಯಿಕ ಉಡುಪು ತೊಟ್ಟು ಗೇಟಿನ ಹೊರಗೆ ನಿಂತಿರುತ್ತಾರೆ. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ನಿಂತುಹೋಗಿದ್ದ ಈ ಪರೀಕ್ಷೆ 1977ರ ಚಳಿಗಾಲದಲ್ಲಿ ಮತ್ತೆ ಶುರುವಾದಾಗ ಸುಮಾರು 57 ಲಕ್ಷ ಜನ ಬರೆದರು, ಸೀಟು ಸಿಕ್ಕಿದ್ದು 3 ಲಕ್ಷ ಜನಕ್ಕೂ ಇಲ್ಲ. ಹೊಲದಿಂದ, ಕಾರ್ಖಾನೆಯಿಂದ ಎದ್ದು ಬಂದು ಬರೆದವರು ಅವರು.

ಇಷ್ಟೆಲ್ಲ ಹೊಗಳಿಕೆಯಾಗಿ ಕೇಳಿಸಬಹುದು, ಹಾಗಲ್ಲ. ಕುಟುಂಬದ ಸರ್ಕಾರಿ ನೋಂದಣಿ ಯಾವ ಪ್ರಾಂತ್ಯದಲ್ಲಿದೆಯೋ ಸಾಮಾನ್ಯವಾಗಿ ಅಲ್ಲೇ ಪರೀಕ್ಷೆ ಬರೆಯಬೇಕು, ಸೀಟೂ ಪ್ರಾಂತ್ಯದ ಲೆಕ್ಕದಲ್ಲೇ ಹಂಚಿಕೆ. ರಾಜಧಾನಿ ಬೀಜಿಂಗ್‌ನ ಹುಡುಗನಿಗೂ ಜನ ಕಿಕ್ಕಿರಿದ ಹೆನಾನ್ ಪ್ರಾಂತ್ಯದ ಹುಡುಗನಿಗೂ ಇರುವ ಅವಕಾಶ ಒಂದೇ ಅಲ್ಲ. ಟ್ಯೂಷನ್ ಹಾವಳಿ ಜಾಸ್ತಿಯಾಗಿ 2021ರಲ್ಲಿ ಸರ್ಕಾರ ಒಂಬತ್ತನೇ ತರಗತಿವರೆಗೆ ಶಾಲಾ ವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನೇ ನಿಲ್ಲಿಸಿತು. ಹಾಗಂತ ತಂದೆತಾಯಿಯ ಆತಂಕ ನಿಂತಿತಾ?

ಇಂಥ ಪ್ರಶ್ನೆ ಎತ್ತುವುದಕ್ಕೆ ವೇದಿಕೆ ಯಾರದ್ದು ಅನ್ನೋದೂ ಮುಖ್ಯ. ಚೀನಾ ಸರ್ಕಾರದ ಬೆಂಬಲದ ಕನ್‌ಫ್ಯೂಷಿಯಸ್ ಸಂಸ್ಥೆಗಳು 2004ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಶುರುವಾಗಿ ಜಗತ್ತಿನ ನೂರಾರು ವಿಶ್ವವಿದ್ಯಾಲಯಗಳಿಗೆ ಹಬ್ಬಿದವು. ಭಾಷೆಯನ್ನೇನೋ ಕಲಿಸಿದವು, ಆದರೆ ಟಿಬೆಟ್, 1989ರ ತಿಯಾನನ್ಮೆನ್ ಹತ್ಯಾಕಾಂಡದ ಮಾತು ಬಂದರೆ ಜಾರಿಕೊಳ್ಳುತ್ತವೆ ಅನ್ನೋ ದೂರು ಬಂತು, ಅಮೆರಿಕದಲ್ಲಿ ಹೆಚ್ಚಿನವು ಮುಚ್ಚಿಯೂ ಹೋದವು. ಮುಚ್ಚಿದ್ದರಿಂದ ಚೀನಾ ಹೆಚ್ಚು ಅರ್ಥ ಆಯ್ತು ಅಂತ ನನಗೇನೂ ಅನ್ನಿಸುವುದಿಲ್ಲ. ವಿಶ್ವವಿದ್ಯಾಲಯವೇ ತನ್ನ ದುಡ್ಡಲ್ಲಿ ಕಾರ್ಯಕ್ರಮ ಮಾಡಿ, ಗಾವ್‌ಕಾವ್ ಬರೆದು ಬಂದ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕೂರಿಸಿ, ಭಾಷಣಕ್ಕಿಂತ ಪ್ರಶ್ನೆಗಳಿಗೆ ಜಾಸ್ತಿ ಹೊತ್ತು ಕೊಟ್ಟರೆ ಸಾಕು. ಡ್ರ್ಯಾಗನ್ ಕುಣಿತ ಆಮೇಲೆ ಇಟ್ಟುಕೊಳ್ಳಲಿ, ಬೇಡ ಅಂದವರು ಯಾರು?