ಕ್ರೌನ್ ಆಯಿಲ್ ಮತ್ತು ನಮ್ಮ ಸೀಮೆಯ ಧೂಳು

ಚಿತ್ರದುರ್ಗದ ಸುತ್ತಮುತ್ತ ಜೀಪು, ಬೊಲೆರೊ, ಥಾರ್ ಇಟ್ಟುಕೊಂಡವರಲ್ಲಿ ಎಂಜಿನ್ ಆಯಿಲ್ ಬದಲಿಸುವುದನ್ನು ಮರೆಯುವವರು ಕಡಿಮೆ. ಆದರೆ ಹಿಂದಿನ ಹೌಸಿಂಗ್‌ನ, ಅಂದರೆ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎಡಬಲ ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಇರುವ ಗೂಡಿನ, ಆಯಿಲನ್ನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕೇಳಿದರೆ ಬಹಳ ಜನ ಸುಮ್ಮನಾಗುತ್ತಾರೆ. ಮುಂದಿನ ಹೌಸಿಂಗ್‌ನ ಮಾತಂತೂ ಬೇಡ. ನಮ್ಮದು ಮಳೆ ಕಡಿಮೆಯಿರುವ ಸೀಮೆ, ಇಲ್ಲಿ ಡಿಫರೆನ್ಷಿಯಲ್‌ಗೆ ನೀರು ಹೊಗುವ ಪ್ರಶ್ನೆಯೇ ಇಲ್ಲ ಎಂಬ ನಂಬಿಕೆ ಇದಕ್ಕೆ ಒಂದು ಕಾರಣವಿರಬೇಕು. ನನಗೆ ಅನ್ನಿಸುವುದು ಬೇರೆ: ಬೇಸಿಗೆಯ ಧೂಳು ಶುರುಮಾಡಿದ ಕೆಲಸವನ್ನು ಮುಂಗಾರಿನ ಮೊದಲ ಹಳ್ಳ ಮುಗಿಸುತ್ತದೆ.

ಹೌಸಿಂಗ್‌ನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಸಣ್ಣ ಭಾಗವೊಂದಿರುತ್ತದೆ. ಗಾಡಿ ಓಡಿ ಒಳಗಿನ ಕ್ರೌನ್ ಎಂಬ ದೊಡ್ಡ ಗೇರು, ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕ ಗೇರು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅಲ್ಲಿಂದ ಹೊರಬರುತ್ತದೆ, ತಣಿದಾಗ ಹೊರಗಿನ ಗಾಳಿ ಅಲ್ಲಿಂದಲೇ ಒಳಗೆ ಹೋಗುತ್ತದೆ. ಗಣಿಯ ರಸ್ತೆಗಳ, ಗಾಳಿಯಂತ್ರಗಳಿರುವ ಗುಡ್ಡದ ದಾರಿಗಳ ಕೆಂಪು ಧೂಳು ಅದರ ಮೇಲೆ ಕೂತು, ಆಯಿಲ್‌ನ ಜಿಡ್ಡಿನೊಂದಿಗೆ ಬೆರೆತು ಗಟ್ಟಿಯಾದರೆ ಈ ದಾರಿ ಮುಚ್ಚುತ್ತದೆ. ಎರೆಹೊಲದ ಕೆಸರಾದರೆ ಇನ್ನೂ ಬೇಗ ಮುಚ್ಚೀತು. ಆಗ ಬಿಸಿಗಾಳಿಯ ಒತ್ತಡವೆಲ್ಲ ಆಯಿಲ್ ಸೋರದಂತೆ ತಡೆಯುವ ಸೀಲ್‌ಗಳ ಮೇಲೆ ಬೀಳುತ್ತದೆ. ಕೆಟ್ಟದ್ದು ಮುಂದಿದೆ. ಕಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಮೇಲಿನ ದಾರಿ ಮುಚ್ಚಿರುವುದರಿಂದ ಸೀಲ್‌ನ ತುಟಿಯ ಪಕ್ಕದಿಂದ ನೀರನ್ನೇ ಎಳೆದುಕೊಳ್ಳುತ್ತದೆ. 1933ರ ಬಳಿಕ ಮೊದಲ ಸಲ, 2022ರಲ್ಲಿ, ವಾಣಿವಿಲಾಸ ಸಾಗರ ಕೋಡಿ ಬಿದ್ದ ಮೇಲೂ ನಮ್ಮ ಕಡೆ ನೀರಿನ ಭಯವಿಲ್ಲ ಎನ್ನುವವರಿಗೆ ಏನು ಹೇಳುವುದೋ ನನಗೆ ತಿಳಿಯದು.

ಬ್ರೀದರ್ ಅನ್ನು ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಊದಿ ನೋಡುವುದು ಕೆಲವೇ ನಿಮಿಷಗಳ ಕೆಲಸ. ಹಳ್ಳ, ಕೆರೆಯಂಗಳ ಎಂದು ಆಗಾಗ ಇಳಿಯುವವರು ಅದರ ಬಾಯಿಗೆ ಆಯಿಲ್ ತಾಳುವ ರಬ್ಬರ್ ಪೈಪ್ ಜೋಡಿಸಿ, ಇನ್ನೊಂದು ತುದಿಯನ್ನು ನೀರು ಮುಟ್ಟದ ಎತ್ತರಕ್ಕೆ ಒಯ್ದು ಕಟ್ಟುವುದು ಒಳ್ಳೆಯದು. ಎಕ್ಸಲ್ ಪೂರ್ತಿ ಕೆಳಗಿಳಿದಾಗಲೂ ಪೈಪ್ ಬಿಗಿಯಾಗಬಾರದು, ನಡುವೆ ಜೋತುಬಿದ್ದು ನೀರು ನಿಲ್ಲುವಂತೆಯೂ ಇರಬಾರದು. ಚಕ್ರಗಳಿಗೆ, ಬಂಪರ್‌ಗೆ ಸುರಿಯುವ ಹಣದಲ್ಲಿ ಒಂದು ಚೂರು ಇದಕ್ಕೆ ಸಾಕು.

ಆಯಿಲ್ ಪರೀಕ್ಷೆಗೆ ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಬೇಕು. ಮೊದಲು ಬಿಚ್ಚಬೇಕಾದದ್ದು ಮೇಲಿನ, ಆಯಿಲ್ ಹಾಕುವ ಪ್ಲಗ್; ಕೆಳಗಿನದನ್ನು ಬಿಚ್ಚಿ ಎಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಕದಲದಿದ್ದರೆ ಗಾಡಿ ಅಲ್ಲೇ ಕೂರುತ್ತದೆ. ಸಾಮಾನ್ಯವಾಗಿ ಆಯಿಲ್ ಆ ತೂತಿನ ಕೆಳಅಂಚಿನವರೆಗೆ ಇರಬೇಕು. ಹೆಚ್ಚು ಹಾಕಿದರೆ ಅದು ಬ್ರೀದರ್‌ನಿಂದ ಉಕ್ಕುತ್ತದೆ, ಇಲ್ಲವೇ ಎಕ್ಸಲ್ ಸೀಲ್ ದಾಟಿ ಬ್ರೇಕ್ ಲೈನರ್ ತಲುಪುತ್ತದೆ. ಒಳಗೆ ಬೆರಳು ಹಾಕಿ ತೆಗೆದ ಆಯಿಲ್ ಹಾಲು ಹೆಚ್ಚಾದ ಚಹಾದಂತೆ ಕಂಡರೆ ನೀರು ಬೆರೆತಿದೆಯೆಂದೇ ಅರ್ಥ. ಅನುಮಾನವಿದ್ದರೆ ಕಾದ ತಗಡಿನ ಮೇಲೆ ಒಂದು ಹನಿ ಬಿಡಿ. ನೀರಿದ್ದರೆ ಚಟಪಟ ಸಿಡಿಯುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಕೆಳಪ್ಲಗ್ಗನ್ನು ತುಸುವೇ ಸಡಿಲಿಸಿದಾಗ ಮೊದಲು ನೀರೇ ತೊಟ್ಟಿಕ್ಕುವುದೂ ಉಂಟು, ಏಕೆಂದರೆ ಅದು ತಳಕ್ಕೆ ಇಳಿದಿರುತ್ತದೆ. ಹಾಗಾದಾಗ ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಬದಲಿಸಬೇಕು. ಬದಲಿಸುವ ಮುನ್ನ ಸ್ವಲ್ಪ ಓಡಿಸಿ ಬಿಸಿ ಮಾಡಿದರೆ ಕೊಳೆಯೂ ಜೊತೆಗೆ ಇಳಿಯುತ್ತದೆ.

ಕೆಳಪ್ಲಗ್‌ನಲ್ಲಿ ಆಯಸ್ಕಾಂತವಿದ್ದರೆ ಅದನ್ನು ಒರೆಸಿ ಹಾಕುವ ಮುನ್ನ ಗಮನಿಸಿ. ಬೆರಳುಗಳ ನಡುವೆ ಉಜ್ಜಿದಾಗ ನುಣ್ಣಗೆ ಹರಡುವ ಬೂದುಬಣ್ಣದ ಲೇಪ ಸಹಜ ಸವೆತದ್ದು. ಉಗುರಿಗೆ ತಾಗುವ ಚೂರು ಅಥವಾ ಹಲ್ಲಿನ ತುಣುಕು ಸಿಕ್ಕರೆ ಹೊಸ ಆಯಿಲ್ ಹಾಕಿ ಸುಮ್ಮನಾಗುವಂತಿಲ್ಲ, ಹೌಸಿಂಗ್ ಬಿಚ್ಚಲೇಬೇಕು. ಕೆಲವು ಹಳೆಯ ಜೀಪುಗಳಲ್ಲಿ ಕೆಳಪ್ಲಗ್ಗೇ ಇಲ್ಲ, ಕವರ್ ತೆಗೆಯಬೇಕು. ಕಷ್ಟವಾದರೂ ಒಳಗಿನ ಹಲ್ಲುಗಳನ್ನು ಕಣ್ಣಾರೆ ನೋಡುವ ಅವಕಾಶ ಅದು.

ಕ್ರೌನ್ ಮತ್ತು ಪಿನಿಯನ್‌ನ ಹೈಪಾಯ್ಡ್ (ಓರೆಯಾಗಿ ಬಾಗಿದ) ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುವುದರಿಂದ ಅವುಗಳಿಗೆ ಹೆಚ್ಚು ಒತ್ತಡ ತಾಳುವ, ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು. ಅದರ ಮಂದತೆ ಎಷ್ಟಿರಬೇಕು, 80ಡಬ್ಲ್ಯು-90 ಹಾಕಬೇಕೋ ಇನ್ನೂ ಮಂದವಾದ 85ಡಬ್ಲ್ಯು-140 ಹಾಕಬೇಕೋ ಎಂಬುದನ್ನು ಗಾಡಿಯ ಕೈಪಿಡಿ ಹೇಳಬೇಕೇ ಹೊರತು ಅಂಗಡಿಯವರಲ್ಲ. ಕ್ಲಚ್ ಪ್ಲೇಟಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಬರಿದೇ ಸುತ್ತುವುದನ್ನು ತಡೆಯುವಂಥದ್ದು) ಆದರೆ ಅದಕ್ಕೆ ಹೇಳಿದ ಬೇರೆ ದ್ರಾವಣವೂ ಸೇರಬೇಕು.

ಗಾಡಿಯ ಕೆಳಗೆ ತೂರಿದಾಗ, ಎಂಜಿನ್ ಕಡೆಯಿಂದ ಬರುವ ಉದ್ದನೆಯ ಶಾಫ್ಟ್ ಹೌಸಿಂಗ್‌ಗೆ ಸೇರುವ ಪಿನಿಯನ್ ಫ್ಲ್ಯಾಂಜ್‌ನ ಬುಡವನ್ನೂ ಒಮ್ಮೆ ನೋಡಿಬಿಡಿ. ದಾವಣಗೆರೆ ಕಡೆಯ ಮೆಕ್ಕೆಜೋಳದ ಹೊಲದಲ್ಲಿ ಓಡಾಡಿದ ಗಾಡಿಗೆ ದಂಟಿನ ನಾರು, ಚೀಲ ಹೊಲಿಯುವ ಪ್ಲಾಸ್ಟಿಕ್ ದಾರ ಸುತ್ತಿಕೊಂಡು ಒಳಸರಿದು ಸೀಲನ್ನು ಕೊಯ್ಯುತ್ತದೆ. ಸೀಲ್ ಬದಲಿಸುವಾಗ ಮೆಕ್ಯಾನಿಕ್ ಪಿನಿಯನ್ ನಟ್ಟಿಗೆ ನಟ್ಟು ಬಿಗಿಯುವ ಗನ್ ಹಚ್ಚಿ ಸಿಕ್ಕಷ್ಟು ಬಿಗಿದರೆ ಬೇರಿಂಗಿನ ಒತ್ತಡ ಕೆಟ್ಟು ಬೇರಿಂಗೇ ಹಾಳಾಗುತ್ತದೆ. ಬಿಚ್ಚುವ ಮುನ್ನ ನಟ್ಟಿನ ಸ್ಥಾನಕ್ಕೆ ಗುರುತು ಹಾಕಿರೆಂದು ಕೇಳುವುದರಲ್ಲಿ ಸಂಕೋಚ ಬೇಡ. ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡು ಓಡಿಸುವುದನ್ನೂ, ಒಂದೇ ಎಕ್ಸಲ್‌ಗೆ ಸವೆದ ಟಯರ್ ಒಂದು, ಹೊಸದು ಒಂದು ಹಾಕುವುದನ್ನೂ ಬಿಡಬೇಕು. ಎರಡನೆಯದರಲ್ಲಿ ನೇರ ರಸ್ತೆಯಲ್ಲೂ ಒಳಗಿನ ಚಿಕ್ಕ ಗೇರುಗಳು ತಿರುಗುತ್ತಲೇ ಇರುತ್ತವೆ.

ಆಕ್ಸಿಲರೇಟರ್ ಒತ್ತಿದಾಗ ಒಂದು ರೀತಿ, ಬಿಟ್ಟಾಗ ಇನ್ನೊಂದು ರೀತಿ ಹಿಂದಿನಿಂದ ಗುಂಯ್‌ಗುಟ್ಟುವ ಸದ್ದು ಶುರುವಾದರೆ ರೇಡಿಯೋ ಜೋರು ಮಾಡದೆ ಗ್ಯಾರೇಜಿಗೆ ಒಯ್ಯಿರಿ. ಆ ಹಂತದಲ್ಲಿ ಬೇರಿಂಗ್ ಮಾತ್ರ ಹೋಗಿರಬಹುದು. ತಡವಾದರೆ ಕ್ರೌನ್ ಪಿನಿಯನ್ ಬದಲಿಸಬೇಕಾಗುತ್ತದೆ, ಜೊತೆಯಾಗಿಯೇ ಉಜ್ಜಿ ಹೊಂದಿಸಿದ ಅವುಗಳಲ್ಲಿ ಒಂದನ್ನು ಮಾತ್ರ ಹೊಸದಾಗಿ ಹಾಕಲು ಬರುವುದಿಲ್ಲ.