ಆ ಗುಂಡಿ ಕಣ್ಣಿನ ಸಿನಿಮಾ ಮಕ್ಕಳಿಗೆ ಯಾಕೆ ತೋರಿಸ್ತೀರಿ?

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಏಪ್ರಿಲ್ ಬಂದರೆ ಬೀದಿಯ ಮಕ್ಕಳಿಗೆ ಮಹಡಿ ಮೇಲೆ ಜೇಡಿಮಣ್ಣು, ಕಾಗದ, ಬಣ್ಣದ ಕೆಲಸ ಹೇಳಿಕೊಡುತ್ತೇನೆ. ಕೊನೆಯ ಶನಿವಾರ ಸಂಜೆ ಗೋಡೆಗೆ ಬಿಳಿ ಪಂಚೆ ಕಟ್ಟಿ ಒಂದು ಸಿನಿಮಾ ಹಾಕುತ್ತೇನೆ. ಕೆಲವು ವರ್ಷದಿಂದ ಅದೇ ಸಿನಿಮಾ, 'ಕೋರಲೈನ್'. ಮಾರನೇ ದಿನ ಹಾಲು ತರಲು ಹೋದರೆ ಯಾರಾದರೂ ಒಬ್ಬ ತಾಯಿ ಸಿಕ್ಕೇ ಸಿಗುತ್ತಾರೆ. "ಏನ್ರೀ, ಗೊಂಬೆ ಸಿನಿಮಾ ಅಂದ್ರಿ. ರಾತ್ರಿಯೆಲ್ಲ ಲೈಟ್ ಆರಿಸೋಕೆ ಬಿಡ್ಲಿಲ್ಲ ಇವಳು. ಅದನ್ನ ಯಾಕೆ ತೋರಿಸ್ತೀರಿ?" ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಮಾತು ಬರುತ್ತದೆ. "ಈಗ ಇನ್ನೊಂದ್ಸಲ ನೋಡ್ಬೇಕಂತೆ. ಅಂಥದ್ದೇನಿದೆ ಅದರಲ್ಲಿ?"

ಬೀದಿಯಲ್ಲಿ ನಿಂತು ಹೇಳಿದರೆ ಹಾಲು ಒಡೆಯುವಷ್ಟು ಹೊತ್ತಾಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗೆ ಕಥೆ ಇಷ್ಟು. ಕೋರಲೈನ್ ಹನ್ನೊಂದು ವರ್ಷದ ಹುಡುಗಿ. ಅಪ್ಪ ಅಮ್ಮನ ಜೊತೆ ಅಮೆರಿಕದ ಆರೆಗಾನ್ ರಾಜ್ಯದ ಒಂದು ಹಳೇ ಮನೆಗೆ ಬಂದಿದ್ದಾಳೆ. ಹೊರಗೆ ಮಳೆ, ಕೆಸರು. ಅಪ್ಪ ಅಮ್ಮ ಇಬ್ಬರೂ ಕಂಪ್ಯೂಟರ್ ಮುಂದೆ. ಅಪ್ಪ ಅಡುಗೆ ಮಾಡಿದರೆ ತಿನ್ನೋ ಹಾಗಿರುವುದಿಲ್ಲ. ಗೋಡೆಯಲ್ಲಿ ಒಂದು ಪುಟ್ಟ ಬಾಗಿಲು. ಅದರಾಚೆ ಇದೇ ಥರದ ಇನ್ನೊಂದು ಮನೆ, ಇನ್ನೊಬ್ಬ ಅಮ್ಮ. ಆ ಅಮ್ಮ ಕೇಳಿದ್ದೆಲ್ಲ ಮಾಡಿ ಬಡಿಸುತ್ತಾಳೆ, ಹೇಳಿದ್ದೆಲ್ಲ ಕೇಳಿಸಿಕೊಳ್ಳುತ್ತಾಳೆ. ಕಣ್ಣಿನ ಜಾಗದಲ್ಲಿ ಮಾತ್ರ ಅಂಗಿಗೆ ಹಾಕುವಂಥ ಎರಡು ಕಪ್ಪು ಗುಂಡಿ. ಅಲ್ಲೇ ಉಳಿಯಬೇಕಾದರೆ ನಿನ್ನ ಕಣ್ಣಿಗೂ ಗುಂಡಿ ಹೊಲಿಯಬೇಕು ಅನ್ನುತ್ತಾಳೆ.

ನೀಲ್ ಗೈಮನ್ ಬರೆದು 2002ರಲ್ಲಿ ಹೊರಬಂದ ಪುಸ್ತಕ ಇದು. 2009ರಲ್ಲಿ ಸಿನಿಮಾ ಆಯಿತು. ನಿರ್ದೇಶಕ ಹೆನ್ರಿ ಸೆಲಿಕ್. ಲೈಕಾ ಅನ್ನುವ ಅಮೆರಿಕದ ಗೊಂಬೆ ಸಿನಿಮಾ ಸ್ಟುಡಿಯೋದ ಮೊದಲ ಪೂರ್ತಿ ಸಿನಿಮಾ. 2024ರಲ್ಲಿ, ಅಂದರೆ ಹದಿನೈದು ವರ್ಷ ಆದ ಮೇಲೆ, ಮತ್ತೆ ಥಿಯೇಟರ್‌ಗೆ ಬಿಟ್ಟಾಗ ಅಮೆರಿಕದಲ್ಲೇ 3 ಕೋಟಿ ಡಾಲರ್‌ಗಿಂತ ಜಾಸ್ತಿ ದುಡ್ಡು ಮಾಡಿತು. ಹಳೇ ಸಿನಿಮಾಕ್ಕೆ ಜನ ಸುಮ್ನೆ ಟಿಕೆಟ್ ತಗೊಳ್ಳುವುದಿಲ್ಲ.

ನನ್ನ ಮಟ್ಟಿಗೆ ಆ ಕಥೆ ಹೊಸದೇನಲ್ಲ. ನಮ್ಮಜ್ಜಿ ಮನೆ ಮಂಡ್ಯದ ಹತ್ತಿರ ಒಂದು ಹಳ್ಳಿ. ತೊಂಬತ್ತರ ದಶಕದಲ್ಲಿ ಅಲ್ಲಿ ಮನೆ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿರುತ್ತಿತ್ತು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಬರಹ ಓದಿ ವಾಪಸ್ ಹೋಗುತ್ತದೆ, ನಾಳೆ ಬಂದರೆ ಮತ್ತದೇ ಬರಹ. ದೆವ್ವಕ್ಕೆ ಓದು ಬರ್ತಿತ್ತು, ಬುದ್ಧಿ ಇರಲಿಲ್ಲ ಅಂತ ನಮ್ಮಣ್ಣ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಯಾಕೆಂದರೆ ಆ ದೆವ್ವ ಕರೆಯುವುದು ಅಮ್ಮನ ದನಿಯಲ್ಲಿ. "ಒಂದೇ ಸಲಕ್ಕೆ ಓ ಅನ್ಬ್ಯಾಡ ಕಣವ್ವ, ಮೂರು ಸಲ ಕೂಗ್ಲಿ," ಅಂತ ಅಜ್ಜಿ ಹೇಳಿಕೊಟ್ಟಿದ್ದರು. ಹಿತ್ತಲಿಂದ ನಿಜವಾದ ಅಮ್ಮ ಕರೆದರೂ ನಾನು ಎಣಿಸುತ್ತಾ ಕೂತಿರುತ್ತಿದ್ದೆ. ಮೂರನೇ ಸಲಕ್ಕೆ ಓ ಅನ್ನುವ ಹೊತ್ತಿಗೆ ಬೈಗುಳ ಶುರುವಾಗಿರುತ್ತಿತ್ತು. ಬೈಗುಳ ಕೇಳಿದ ಮೇಲೆ ನನಗೆ ಧೈರ್ಯ. ಇದು ನಮ್ಮಮ್ಮನೇ, ದೆವ್ವ ಆಗಿದ್ದರೆ ಇಷ್ಟು ಬೈಯುತ್ತಿರಲಿಲ್ಲ.

ಈ ಸಿನಿಮಾ ಕೂತಿರುವುದು ಆ ಮಾತಿನ ಮೇಲೆ. ರಾಕ್ಷಸ ಬಂದರೆ ಮಗು ಓಡುತ್ತದೆ. ಅಮ್ಮನ ಮುಖ ಇಟ್ಟುಕೊಂಡು ಅಮ್ಮನಿಗಿಂತ ಚೆನ್ನಾಗಿ ನೋಡಿಕೊಳ್ಳುವವಳು ಬಂದರೆ ಓಡುವುದು ಎಲ್ಲಿಗೆ? ನಿಜವಾದ ಅಮ್ಮ ಸಿಡುಕುತ್ತಾಳೆ, ಫ್ರಿಜ್ ಖಾಲಿ ಇಟ್ಟಿರುತ್ತಾಳೆ, ಕೇಳಿದ ಕೈಗವಸು ಕೊಡಿಸುವುದಿಲ್ಲ. ಹೋದ ವರ್ಷ ಒಬ್ಬ ಹುಡುಗ ಸಿನಿಮಾದ ಮಧ್ಯದಲ್ಲೇ ಜೋರಾಗಿ ಅಂದ, "ಇವಳಮ್ಮ ಉಪ್ಪಿಟ್ಟು ಅಮ್ಮ, ಅವಳು ಮೈಸೂರು ಪಾಕ್ ಅಮ್ಮ." ಎಲ್ಲರೂ ನಕ್ಕರು. ಆಮೇಲೆ ಸೂಜಿ, ದಾರ, ಎರಡು ಗುಂಡಿ ಇಟ್ಟಿದ್ದ ಡಬ್ಬಿ ಮೇಜಿನ ಮೇಲೆ ಬಂತು. ಮಹಡಿಯಲ್ಲಿ ಪಿಟ್ ಅನ್ನಲಿಲ್ಲ ಯಾರೂ.

ಒಂದು ಮಾತು, ಸಿನಿಮಾ ಬಂದಾಗ ಮನೆಯಲ್ಲಿ ಕೂತು ಸ್ಕ್ರೀನ್ ನೋಡುವ ಅಪ್ಪ ಅಮ್ಮ ನಮ್ಮ ಕಡೆ ಕಮ್ಮಿ. ಈಗ ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಒಬ್ಬರಾದರೂ ಇದ್ದಾರೆ. "ಒಂದ್ನಿಮಿಷ ಇರು ಪುಟ್ಟ" ಅನ್ನುವ ಮಾತು ಆ ಮಕ್ಕಳಿಗೆ ಬಾಯಿಪಾಠ. ಹಳೇದಾಗುತ್ತಾ ಹೋಗಬೇಕಿದ್ದ ಸಿನಿಮಾ ಹೊಸದಾಗುತ್ತಾ ಬಂದಿದೆ.

ಇನ್ನು ಗೊಂಬೆಗಳ ವಿಷಯ. ಇದನ್ನು ಕಂಪ್ಯೂಟರ್‌ನಲ್ಲಿ ಬಿಡಿಸಿದ್ದಲ್ಲ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು ಫೋಟೋ. ಸಿನಿಮಾದ ಒಂದು ಸೆಕೆಂಡಿಗೆ 24 ಚಿತ್ರ ಬೇಕು. 100 ನಿಮಿಷದ ಸಿನಿಮಾಕ್ಕೆ ಲೆಕ್ಕ ಹಾಕಿದರೆ 1,44,000. ಕೋರಲೈನ್ ಹಾಕಿಕೊಳ್ಳುವ ನಕ್ಷತ್ರದ ಸ್ವೆಟರನ್ನು ಆಲ್ಥಿಯಾ ಕ್ರೋಮ್ ಅನ್ನುವವರು ಕೂದಲಿನಷ್ಟು ಸಣ್ಣ ಕಡ್ಡಿಗಳಲ್ಲಿ ನಿಜವಾಗಿ ಹೆಣೆದಿದ್ದಾರೆ. ಮರದ ತುಂಬ ಅರಳಿದ ಗುಲಾಬಿ ಬಣ್ಣದ ಹೂವೆಲ್ಲ ಬಣ್ಣ ಬಳಿದ ಪಾಪ್‌ಕಾರ್ನ್. ಮುಖಗಳನ್ನು ತ್ರೀಡಿ ಪ್ರಿಂಟರ್‌ನಲ್ಲಿ ಅಚ್ಚು ಮಾಡಿ ಹುಬ್ಬಿನ ಭಾಗ ಬೇರೆ, ಬಾಯಿಯ ಭಾಗ ಬೇರೆ ಮಾಡಿಟ್ಟುಕೊಂಡಿದ್ದರು. ನಗಬೇಕಾದರೆ ಒಂದು ಬಾಯಿ, ಅಳಬೇಕಾದರೆ ಇನ್ನೊಂದು. ನಿಜವಾದ ಮನೆಯ ಸೆಟ್ಟುಗಳನ್ನು ಆಳವಿಲ್ಲದೆ ಚಪ್ಪಟೆಯಾಗಿ, ಆಚೆ ಮನೆಯ ಸೆಟ್ಟುಗಳನ್ನು ಆಳವಾಗಿ ಕಟ್ಟಿದ್ದರು. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಈ ಕಡೆ ಉಸಿರು ಕಟ್ಟುತ್ತದೆ, ಆ ಕಡೆ ಹಾಯೆನ್ನಿಸುತ್ತದೆ.

ಓದಿದರೆ ಇದೆಲ್ಲ ಸಾಹಸ ಅನ್ನಿಸುತ್ತದೆ ಅಷ್ಟೇ. ಮಾಡಿದಾಗ ಬೇರೆ. ಎರಡು ವರ್ಷದ ಹಿಂದೆ ಮಕ್ಕಳ ಕೈಲಿ ಜೇಡಿಮಣ್ಣಿನ ಜಂಬೂಸವಾರಿ ಆನೆ ಮಾಡಿಸಿದೆ. ಅದನ್ನು ನಡೆಸೋಣ ಅಂತ ಮೊಬೈಲನ್ನು ಡಬ್ಬಿಗೆ ಒರಗಿಸಿದೆವು. ನಮಗೆ 24 ಎಲ್ಲಾಗಬೇಕು, ಸೆಕೆಂಡಿಗೆ 12 ಸಾಕು ಅಂದುಕೊಂಡೆವು. ಆನೆ ಬೀಳುತ್ತದೆ ಅಂತ ಫ್ಯಾನ್ ಆರಿಸಿದ್ದಕ್ಕೆ ಎಲ್ಲರ ಮೈಯೆಲ್ಲ ಬೆವರು. ಎರಡು ಗಂಟೆಯಲ್ಲಿ 96 ಫೋಟೋ. ಎಂಟು ಸೆಕೆಂಡು! ಅದರಲ್ಲೂ ನಡುವೆ ನನ್ನ ಕೈ ತಗುಲಿ ಮೇಜು ಸರಿದು, ಆನೆ ಎರಡು ಹೆಜ್ಜೆಯಲ್ಲಿ ಅರಮನೆಯಿಂದ ಬನ್ನಿಮಂಟಪಕ್ಕೆ ಹಾರಿದ ಹಾಗೆ ಆಯಿತು. ಆದರೂ ಓಡಿಸಿ ನೋಡಿದಾಗ ಎಲ್ಲರೂ ಮೊಬೈಲಿಗೆ ಮೂಗು ತಾಗಿಸಿದರು. ಪ್ರತಿ ಸಲ ಮುಟ್ಟಿದಾಗ ಬೆರಳ ಗುರುತು ಬೇರೆ ಕಡೆ ಬಿದ್ದಿತ್ತಲ್ಲ, ಅದು ಆನೆಯ ಮೈಮೇಲೆ ಪಟಪಟ ಅಂತ ಅಲುಗುತ್ತಿತ್ತು. ಒಂದು ಹುಡುಗಿ ಮೆಲ್ಲಗೆ ಅಂದಳು, "ಆಂಟಿ, ಆನೆ ಉಸಿರಾಡ್ತಿದೆ." ಖುಷಿಯಲ್ಲಿ ಹೇಳಿದಳೋ ಹೆದರಿ ಹೇಳಿದಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಎರಡೂ ಇತ್ತು ಅನ್ನಿಸುತ್ತದೆ.

ಆ ಎರಡೂ ಮೈಸೂರಿನವರಿಗೆ ಗೊತ್ತಿರುವುದೇ. ದಸರಾ ಬಂತೆಂದರೆ ಪಟ್ಟದ ಗೊಂಬೆ ಇಳಿಸಿ, ಬಟ್ಟೆ ಉಡಿಸಿ, ಮೆಟ್ಟಿಲ ಮೇಲೆ ಕೂರಿಸುತ್ತೇವೆ. ಹಗಲೆಲ್ಲ ಚೆಂದ. ರಾತ್ರಿ ನೀರು ಕುಡಿಯಲು ಎದ್ದು ಆ ಕೋಣೆ ದಾಟಬೇಕಾದರೆ ರಾಜ ರಾಣಿ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಜಂಬೂಸವಾರಿಯ ಗಾರುಡಿ ಗೊಂಬೆ ಎದುರಿಗೆ ಬಂದರೆ ಅಪ್ಪನ ಕಾಲು ತಬ್ಬಿಕೊಂಡು ಕಿರುಚುವ ಮಗು, ಅದು ಮುಂದೆ ಹೋದ ಕೂಡಲೇ "ಇನ್ನೊಂದು ಎಲ್ಲಿ?" ಅಂತ ಹುಡುಕುತ್ತದೆ. ಇದನ್ನು ಯಾರೂ ತಪ್ಪು ಅನ್ನುವುದಿಲ್ಲ.

ಕಣ್ಣಿನ ಮಾತೂ ಹಾಗೇ. ನಮ್ಮಲ್ಲಿ ಮೂರ್ತಿ ಮಾಡುವವರು ಕಣ್ಣನ್ನು ಕೊನೆಗೆ ಬಿಡಿಸುತ್ತಾರೆ. ಕಣ್ಣು ಬಂದ ಮೇಲೆ ಅದು ಬರೀ ಮಣ್ಣಲ್ಲ. ಸಿನಿಮಾ ಇದನ್ನು ತಿರುವಿ ಹಾಕುತ್ತದೆ, ಇಲ್ಲಿ ಜೀವ ಇರುವ ಮಗುವಿನ ಕಣ್ಣು ತೆಗೆದು ಗೊಂಬೆ ಮಾಡುವುದು. ಮೊದಲ ದೃಶ್ಯದಲ್ಲೇ ಸೂಜಿಯಂಥ ಬೆರಳುಗಳು ಒಂದು ಬಟ್ಟೆ ಗೊಂಬೆಯ ಹೊಲಿಗೆ ಬಿಚ್ಚುತ್ತವೆ, ಒಳಗೆ ತುಂಬಿದ್ದನ್ನು ಎಳೆದು ಹಾಕುತ್ತವೆ, ಹೊಸ ಕೂದಲು ನೆಟ್ಟು ಗುಂಡಿ ಹೊಲಿಯುತ್ತವೆ. ಬ್ರೂನೋ ಕೂಲೆ ಅವರ ಸಂಗೀತದಲ್ಲಿ ಮಕ್ಕಳು ಯಾವ ಭಾಷೆಯೂ ಅಲ್ಲದ ಮಾತಿನಲ್ಲಿ ಹಾಡುತ್ತಿರುತ್ತಾರೆ. ರಕ್ತ ಇಲ್ಲ, ಕಿರುಚಾಟ ಇಲ್ಲ. ಯಾರೋ ಬಹಳ ಶ್ರದ್ಧೆಯಿಂದ ಟೈಲರಿಂಗ್ ಮಾಡುತ್ತಿದ್ದಾರೆ, ಅಷ್ಟೇ.

ಎಲ್ಲ ಸರಿಯಿದೆ ಅಂತೇನೂ ಅಲ್ಲ. ಸಿನಿಮಾಕ್ಕೆ ಅಂತ ವೈಬಿ ಅನ್ನುವ ಹುಡುಗನನ್ನು ಸೇರಿಸಿದ್ದಾರೆ. ಪುಸ್ತಕದಲ್ಲಿ ಅವನಿಲ್ಲ. ಹುಡುಗಿ ಒಬ್ಬಳೇ ಮಾತಾಡಿಕೊಂಡು ತಿರುಗಿದರೆ ಆಗಲ್ಲ ಅಂತ ಇರಬಹುದು, ಒಪ್ಪೋಣ. ಆದರೆ ಕೊನೆಯಲ್ಲಿ ಅವನು ಬಂದು ಕಾಪಾಡುವುದು ನನಗೆ ಸೇರುವುದಿಲ್ಲ. ಪುಸ್ತಕದಲ್ಲಿ ಅವಳೇ ಹಾಳು ಬಾವಿಯ ಮೇಲೆ ಬಟ್ಟೆ ಹಾಸಿ, ಗೊಂಬೆಗಳನ್ನು ಕೂರಿಸಿ, ಟೀ ಆಟ ಆಡುವ ನೆಪದಲ್ಲಿ, ಆ ಇನ್ನೊಬ್ಬ ಅಮ್ಮನಿಂದ ತುಂಡಾಗಿ ತನ್ನ ಹಿಂದೆ ಬಿದ್ದಿದ್ದ ಕೆಟ್ಟ ಕೈಯನ್ನು ಬಾವಿಗೆ ಬೀಳಿಸುತ್ತಾಳೆ. ಎಂಥಾ ಜಾಣೆ! ಸಿನಿಮಾ ಮುಗಿದ ಮೇಲೆ ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳುತ್ತೇನೆ. ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ.

ಏಳು ವರ್ಷಕ್ಕಿಂತ ಚಿಕ್ಕವರನ್ನು ನಾನು ಕೂರಿಸುವುದಿಲ್ಲ. ಬಾಗಿಲು ತೆರೆದಿರುತ್ತದೆ, ಬೇಡ ಅನ್ನಿಸಿದವರು ಕೆಳಗೆ ಹೋಗಿ ಚಕ್ಕುಲಿ ತಿನ್ನಬಹುದು. ಒಂದಿಬ್ಬರು ಹೋಗುತ್ತಾರೆ, ಚಕ್ಕುಲಿ ಕೈಲಿ ಹಿಡಿದು ಮೆಟ್ಟಿಲ ಮೇಲೆ ನಿಂತು ಇಣುಕುತ್ತಿರುತ್ತಾರೆ.

ಹಾಲಿನ ಅಂಗಡಿ ಹತ್ತಿರ ಜಗಳ ಆಡಿದ್ದ ಒಬ್ಬ ತಾಯಿ ಈ ವರ್ಷ ಎರಡನೇ ಮಗನನ್ನೂ ಸೇರಿಸಿದರು. ಫೀಸ್ ಕೊಟ್ಟು, ಗೇಟಿನವರೆಗೂ ಹೋಗಿ, ತಿರುಗಿ ಬಂದರು. "ಆ ಸಿನಿಮಾ ದಿನ ನಾನೂ ಬರ್ಲಾ? ದೊಡ್ಡವಳು ಒಂದು ವಾರ ನನ್ನ ಕಣ್ಣನ್ನೇ ಮುಟ್ಟಿ ಮುಟ್ಟಿ ನೋಡ್ತಿದ್ಲು. ಏನು ನೋಡಿದ್ಲೋ, ನಂಗೂ ನೋಡ್ಬೇಕು."